ಕರುಳಿಗೂ ಸ್ಟೆಂಟ್ ಉಂಟಾ?

ಓದುಗರ ಪತ್ರಗಳಿಗೆ ಉತ್ತರಿಸುವವರು: ಮಂಗಳೂರಿನಲ್ಲಿ ಎಂಡೋಸ್ಕೋಪಿ ವಿಭಾಗದ ನರ್ಸ್ ಆಗಿ ನಿವೃತ್ತರಾಗಿ, ಈಗ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಪೆರ್ಲದಲ್ಲಿ ನೆಲೆಸಿರುವ ಸಿಸ್ಟರ್

ಪ್ರಶ್ನೆ: ಸಿಸ್ಟರ್, ನಮಸ್ಕಾರ. ನಮ್ಮ ಮನೆ ಮುಳ್ಳೇರಿಯದ ಹತ್ತಿರ. ಮಾವನಿಗೆ 74 ವರ್ಷ. ಮೊನ್ನೆ ಮೊನ್ನೆವರೆಗೂ ಅಡಿಕೆ ತೋಟಕ್ಕೆ ತಾವೇ ನೀರು ಬಿಡುತ್ತಿದ್ದರು. ಕಳೆದ ತಿಂಗಳು ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾಯಿತು. ಮಂಗಳೂರಿಗೆ ಕರೆದುಕೊಂಡು ಹೋದೆವು. ದೊಡ್ಡ ಕರುಳಿನ ಎಡಭಾಗದಲ್ಲಿ ಕ್ಯಾನ್ಸರ್ ಗಡ್ಡೆ, ಲಿವರಿಗೂ ಹರಡಿದೆ ಅಂದರು. ಕರುಳಿಗೆ ಸ್ಟೆಂಟ್ ಹಾಕಿ ನಾಲ್ಕನೇ ದಿನ ಮನೆಗೆ ಕಳಿಸಿದರು. ನೋಡಲು ಬಂದವರೆಲ್ಲ "ಸ್ಟೆಂಟ್ ಹೃದಯಕ್ಕಲ್ವಾ?" ಅಂತ ಕೇಳುತ್ತಾರೆ. ಗಂಡನ ಅಣ್ಣ ಬೆಂಗಳೂರಿನಿಂದ ಫೋನ್ ಮಾಡಿ "ಆಪರೇಷನ್ ಮಾಡಿಸಿ ಗಡ್ಡೆ ತೆಗೆಸೋದು ಬಿಟ್ಟು ಪೈಪ್ ಹಾಕಿಸಿಕೊಂಡು ಬಂದಿದ್ದೀರಿ" ಅಂತ ಬೈದರು. ನಮ್ಮಿಂದ ತಪ್ಪಾಯಿತೇ?
— ಸೊಸೆ, ಮುಳ್ಳೇರಿಯ ಕಡೆಯಿಂದ

ಉತ್ತರ: ಇಲ್ಲಮ್ಮ, ತಪ್ಪೇನೂ ಆಗಿಲ್ಲ. ಭಾವನಿಗೆ ಈ ಪುಟ ಕಳಿಸಿಬಿಡಿ.

ಸ್ಟೆಂಟ್ ಅಂದರೆ ಮುಚ್ಚಿದ ದಾರಿಯನ್ನು ಬಿಡಿಸಿ ಹಿಡಿಯುವ ಬಲೆಯಂಥ ಕೊಳವೆ. ಯಾರಿಗೇ ಕರುಳಿನ ಸ್ಟೆಂಟ್ ಹಾಕಿದರೂ ಒಂದೇ ಮಾತು ಕೇಳಬೇಕು: ಇದು ಆಪರೇಷನ್ನಿಗೆ ಮೊದಲು ಹಾಕಿದ್ದಾ, ಆಪರೇಷನ್ನಿನ ಬದಲು ಹಾಕಿದ್ದಾ? ನಿಮ್ಮ ಮಾವನಿಗೆ ಹಾಕಿದ್ದು ಬದಲು. ಕ್ಯಾನ್ಸರ್ ಲಿವರಿಗೆ ಹೋದ ಮೇಲೆ ಕರುಳಿನ ತುಂಡು ತೆಗೆದರೂ ಕಾಯಿಲೆ ಮುಗಿಯುವುದಿಲ್ಲ. ಇನ್ನು ಉಬ್ಬಿದ ಕರುಳಿಗೆ ತುರ್ತಿನಲ್ಲಿ ಕತ್ತರಿ ಹಾಕುವುದು 74ರ ದೇಹಕ್ಕೆ ಸಣ್ಣ ಪೆಟ್ಟಲ್ಲ. ಹಾಗೆ ಮಾಡಿದರೂ ತುಂಬ ಜನರಿಗೆ ಹೊಟ್ಟೆಯ ಮೇಲೆ ಮಲ ಸೇರುವ ಚೀಲ ಬರುತ್ತದೆ. ಗಾಯ ಒಣಗುವವರೆಗೆ ಕೀಮೋ ಕೂಡ ಕಾಯಬೇಕು. ಸ್ಟೆಂಟ್ ಹಾಕಿದರೆ ಬೇಗ ಮನೆಗೆ ಬರಬಹುದು, ಕೀಮೋ ಬೇಗ ಶುರು ಮಾಡಬಹುದು. ಲೆಕ್ಕ ಇಷ್ಟೇ.

ಆದರೆ ಸ್ಟೆಂಟ್ ಗಡ್ಡೆಗೆ ಮದ್ದಲ್ಲ. ದಾರಿ ಬಿಡಿಸಿ ಕೊಡುತ್ತದೆ, ಗಡ್ಡೆ ಇದ್ದಲ್ಲೇ ಇರುತ್ತದೆ.

ಹೃದಯದ ಸ್ಟೆಂಟ್ ಸುಮಾರು 3 ಮಿ.ಮೀ. ಅಗಲ. ಕರುಳಿನದ್ದು ಬಿಡಿಸಿಕೊಂಡಾಗ 20ರಿಂದ 25 ಮಿ.ಮೀ., ಉದ್ದ ಒಂದು ಗೇಣಿಗಿಂತ ಕಡಿಮೆ. ನಿಕಲ್ ಮತ್ತು ಟೈಟಾನಿಯಂ ಸೇರಿಸಿದ ನಿಟಿನಾಲ್ ಎಂಬ ಲೋಹದ ತಂತಿಯನ್ನು ಮೀನಿನ ಬಲೆಯ ಹಾಗೆ ಹೆಣೆದಿರುತ್ತಾರೆ. ಮೈಯ ಬಿಸಿಗೆ ಅದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಪೂರ್ತಿ ಅರಳಲು ಒಂದರಿಂದ ಮೂರು ದಿನ ಬೇಕು.

ಹಾಕುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದವಳು. ಮೈಮೇಲೆ ಸೀಸದ ಏಪ್ರನ್, ಎದುರಿಗೆ ಎಕ್ಸ್‌ರೇ ಪರದೆ. ಗುದದ್ವಾರದಿಂದ ಸ್ಕೋಪ್, ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಕೊಳವೆ, ಒಳಗೆ ಹೋಗಿ ಗಡ್ಡೆಯ ಬಾಯಲ್ಲಿ ನಿಲ್ಲುತ್ತದೆ. ಅಲ್ಲಿ ಸೂಜಿ ತೂರುವಷ್ಟೇ ಸಂದು ಇರುವುದೂ ಉಂಟು. ಆ ಸಂದಿನಲ್ಲಿ ತೆಳ್ಳಗಿನ ಗೈಡ್ ವೈರ್ ದಾಟಬೇಕು. ನಿಜವಾದ ಕಷ್ಟ ಇರುವುದು ಇಲ್ಲೇ. ಆ ಹೊತ್ತು ಯಾರೂ ಮಾತಾಡುವುದಿಲ್ಲ. ವೈರ್ ದಾಟಿತು ಅಂದರೆ ಅದರ ಮೇಲಿಂದ ಮಡಚಿದ ಸ್ಟೆಂಟ್ ಒಳಗೆ ಹೋಗುತ್ತದೆ, ಹೊರಗಿನ ಕವಚ ಮೆಲ್ಲಗೆ ಹಿಂದೆ ಬರುತ್ತದೆ. ಪರದೆಯಲ್ಲಿ ಎರಡೂ ತುದಿ ಅಗಲವಾಗಿ, ಗಡ್ಡೆ ಹಿಸುಕಿದ ನಡುಭಾಗ ಸಣ್ಣ ಸೊಂಟದ ಹಾಗೆ ಕಂಡರೆ ಸರಿಯಾದ ಜಾಗದಲ್ಲಿ ಕೂತಿದೆ ಅಂತ ಅರ್ಥ. ಆಮೇಲೆ ತಡೆದಿದ್ದ ಗಾಳಿ, ನೀರಾದ ಮಲ ಎಲ್ಲ ಒಟ್ಟಿಗೆ ಬರುತ್ತದೆ. ಮೇಜಿನ ಕೆಳಗೆ ಪ್ಲಾಸ್ಟಿಕ್ ಹಾಸದ ಹೊಸ ನರ್ಸ್ ಹುಡುಗಿ ಇನ್ನೊಮ್ಮೆ ಮರೆಯುವುದಿಲ್ಲ! ಹೊಟ್ಟೆ ಇಳಿಯುವುದು ನಮ್ಮ ಕಣ್ಣೆದುರೇ ಕಾಣುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಕೀಮೋ ಕೊಡುವ ಡಾಕ್ಟರ್ ಬೇರೆಯವರಾದರೆ, ಕರುಳಲ್ಲಿ ಸ್ಟೆಂಟ್ ಉಂಟು ಅಂತ ಮೊದಲೇ ಹೇಳಿ. ಬೆವಾಸಿಜುಮ್ಯಾಬ್ ಎಂಬ ಔಷಧಿ ಕೊಟ್ಟರೆ ಸ್ಟೆಂಟ್ ಇರುವಲ್ಲಿ ಕರುಳು ತೂತಾಗುವ ಅಪಾಯ ಜಾಸ್ತಿ. ನಮ್ಮ ಕಡೆಯವರು ಒಂದು ಸಲ ಮಂಗಳೂರಿಗೆ, ಇನ್ನೊಂದು ಸಲ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೆ ಹೋಗುವವರು. ಹಾಗಾಗಿ ಡಿಸ್ಚಾರ್ಜ್ ಕಾಗದ, ಸ್ಟೆಂಟ್ ಡಬ್ಬಿಯ ಸ್ಟಿಕ್ಕರ್, ಸ್ಕ್ಯಾನಿನ ಸಿಡಿ ಮೂರನ್ನೂ ಒಂದೇ ಫೈಲಿನಲ್ಲಿ ಇಡಿ. 2020ರಲ್ಲಿ ಕೊರೊನಾ ಅಂತ ಕೇರಳ–ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಕಾಗದವೆಲ್ಲ ಆಚೆ, ರೋಗಿ ಈಚೆ ಅಂತಾದವರನ್ನು ಕಂಡಿದ್ದೇನೆ.

ಪ್ರಶ್ನೆ: ನನ್ನ ಅಮ್ಮನಿಗೆ 58. ಕಣ್ಣೂರು ಕಡೆಯ ಒಂದು ಆಸ್ಪತ್ರೆಯಲ್ಲಿ ಕರುಳಿಗೆ ಸ್ಟೆಂಟ್ ಹಾಕಿದರು. ಕ್ಯಾನ್ಸರ್ ಬೇರೆಲ್ಲೂ ಹರಡಿಲ್ಲವಂತೆ. ಎರಡು ವಾರ ಬಿಟ್ಟು ಆಪರೇಷನ್ ಅಂದಿದ್ದಾರೆ. ಈಗ ಅಮ್ಮ ಚೆನ್ನಾಗಿ ಊಟ ಮಾಡುತ್ತಾರೆ, "ಇನ್ನೇಕೆ ಕೊಯ್ಯಿಸೋದು?" ಅನ್ನುತ್ತಾರೆ. ಇನ್ನೊಂದು ವಿಷಯ. ಒಪ್ಪಿಗೆ ಪತ್ರ ಪೂರಾ ಮಲಯಾಳದಲ್ಲಿತ್ತು. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಸಹಿ ಹಾಕಿದೆವು. ಕರುಳು ತೂತಾಗಬಹುದು ಅಂತ ಆಮೇಲೆ ಯಾರೋ ಹೇಳಿದರು.
— ಹೊಸದುರ್ಗದ ಓದುಗ

ಉತ್ತರ: ಆಪರೇಷನ್ ಬಿಡಲೇಬೇಡಿ. ಮೇಲಿನ ಪತ್ರದ ಮಾವನಿಗೆ ಸ್ಟೆಂಟ್ ಆಪರೇಷನ್ನಿನ ಬದಲು, ನಿಮ್ಮ ಅಮ್ಮನಿಗೆ ಆಪರೇಷನ್ನಿಗೆ ಮೊದಲು. ಹರಡದ ಗಡ್ಡೆಯನ್ನು ಪೂರ್ತಿ ತೆಗೆದು ಗುಣವಾಗುವ ಅವಕಾಶ ಅವರಿಗಿದೆ. ಸ್ಟೆಂಟ್ ಕೊಟ್ಟಿರುವುದು ಎರಡು ವಾರದ ಪುರುಸೊತ್ತು. ಅಷ್ಟರಲ್ಲಿ ಕರುಳಿನ ಬಾವು ಇಳಿಯುತ್ತದೆ, ರಕ್ತ ಕಡಿಮೆ ಇದ್ದರೆ ಏರಿಸಬಹುದು, ಶುಗರ್ ಹತೋಟಿಗೆ ತರಬಹುದು. ಊಟ ಸೇರುತ್ತದೆ ಅಂತ ತಿಂಗಳುಗಟ್ಟಲೆ ತಳ್ಳಿದರೆ ಗಡ್ಡೆ ಸುಮ್ನೆ ಕೂರುವುದಿಲ್ಲ.

ಇದರಿಂದ ಲಾಭ ಉಂಟಾ ಅಂತ ಬ್ರಿಟನ್ನಿನಲ್ಲಿ ಕ್ರೆಸ್ಟ್ ಎಂಬ ಅಧ್ಯಯನ ಮಾಡಿದ್ದರು. ನೇರ ತುರ್ತು ಆಪರೇಷನ್ ಆದವರಲ್ಲಿ 100ಕ್ಕೆ ಸುಮಾರು 68 ಮಂದಿಗೆ ಚೀಲ ಬಂತು, ಮೊದಲು ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಸುಮಾರು 46 ಮಂದಿಗೆ. ಮೂರು ವರ್ಷದ ನಂತರ ಬದುಕಿದ್ದವರ ಲೆಕ್ಕದಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಅಂದರೆ ಅಮ್ಮನಿಗೂ ಚೀಲ ಬರಲಾರದು ಅಂತ ಯಾರೂ ಬರೆದುಕೊಡಲಾರರು, ಸಾಧ್ಯತೆ ಕಡಿಮೆ ಅಷ್ಟೇ.

ತೂತಾಗುವ ಮಾತು ನಿಜ. 100ರಲ್ಲಿ ಸುಮಾರು 5 ಮಂದಿಗೆ ಆಗುತ್ತದೆ. ಹಾಗಾದರೆ ತುರ್ತು ಆಪರೇಷನ್ನೇ ಗತಿ. ಗಡ್ಡೆಯ ಕಣ ಹೊಟ್ಟೆಯೊಳಗೆ ಚೆಲ್ಲುವ ಭಯವೂ ಉಂಟು. ಗುಣವಾಗಬಲ್ಲ ರೋಗಿಗೆ ಸ್ಟೆಂಟ್ ಹಾಕುವ ಮೊದಲು ಸರ್ಜನ್‌ಗಳು ಎರಡು ಸಲ ಯೋಚಿಸುವುದು ಅದಕ್ಕೇ. ಇದನ್ನು ನಿಮಗೆ ಸಹಿಗಿಂತ ಮೊದಲು ಹೇಳಬೇಕಿತ್ತು. ಕಾಸರಗೋಡಿನ ಕನ್ನಡದವರು ನಾವು ಇಂಥ ಕಡೆ ಸಂಕೋಚಪಟ್ಟು ಸಹಿ ಒತ್ತಿಬಿಡುತ್ತೇವೆ. ಆಪರೇಷನ್ನಿನ ಕಾಗದ ಬಂದಾಗ "ಓದಲು ಬರುವುದಿಲ್ಲ, ಬಾಯಲ್ಲಿ ಹೇಳಿ" ಅನ್ನಿ. ಕನ್ನಡ ಬಲ್ಲ ನರ್ಸ್ ಒಬ್ಬರಾದರೂ ವಾರ್ಡಿನಲ್ಲಿ ಸಿಕ್ಕಾರು.

ಪ್ರಶ್ನೆ: ಸ್ಟೆಂಟ್ ಹಾಕಿದ ಮೇಲೆ "ನಾರಿನಂಶ ಕಡಿಮೆ ತಿನ್ನಿ" ಅಂತ ಚೀಟಿ ಕೊಟ್ಟರು. ನಮ್ಮ ಅಡುಗೆಯಲ್ಲಿ ಹಾಗೆಂದರೆ ಯಾವುದು?
— ಉಪ್ಪಳದಿಂದ

ಉತ್ತರ: ಬೇಡದ್ದರ ಪಟ್ಟಿಯಲ್ಲಿ ನಮ್ಮೂರಿನ ರುಚಿಯೆಲ್ಲ ಬಂದುಬಿಡುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಬಾಳೆದಿಂಡು, ಕಣಿಲೆ, ಹಲಸಿನಕಾಯಿ ಪಲ್ಯ, ಬಸಳೆಯ ದಂಟು, ಪತ್ರೊಡೆ, ನುಗ್ಗೆಕಾಯಿ ಬೇಡ. ಕಿತ್ತಳೆಯ ತೊಳೆ ಬೇಡ, ರಸ ಆದೀತು. ಕಾಯಿತುರಿ ಹಾಗೇ ಹಾಕಬೇಡಿ, ಹಾಲು ಹಿಂಡಿ ಸೋಸಿ ಹಾಕಿ. ಕುಚ್ಚಲಕ್ಕಿ ಗಂಜಿ ಅಭ್ಯಾಸದವರು ಕೆಲವು ದಿನ ಬೆಳ್ತಿಗೆ ಅಕ್ಕಿಯದ್ದು ಮೆತ್ತಗೆ ಬೇಯಿಸಿ ಉಣ್ಣಲಿ. ನೀರುದೋಸೆ, ಇಡ್ಲಿ, ತೊವ್ವೆ, ಮಜ್ಜಿಗೆ, ಮೊಟ್ಟೆ, ಮುಳ್ಳು ಬಿಡಿಸಿದ ಮೀನು, ಸಿಪ್ಪೆ ಬೀಜ ತೆಗೆದ ಮುಳ್ಳುಸೌತೆ ಸಾಂಬಾರು ಎಲ್ಲ ನಡೆಯುತ್ತದೆ. ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು.

ಮಲ ಮೆತ್ತಗಿರಲು ಡಾಕ್ಟರ್ ಲ್ಯಾಕ್ಟುಲೋಸ್ ಥರದ ಸಿರಪ್ ಕೊಟ್ಟಿರುತ್ತಾರೆ. ಅದನ್ನು ಬಿಡಬೇಡಿ. ಮನೆಯಲ್ಲಿ ಇಸಬ್ಗೋಲ್ ಉಂಟು ಅಂತ ಹಾಕಬೇಡಿ, ಅದು ಉಬ್ಬಿ ಗಟ್ಟಿಯಾಗಿ ಸಿಕ್ಕಿಹಾಕಿಕೊಂಡೀತು. ಎನಿಮಾ ಕೂಡ ಕೇಳದೆ ಕೊಡಬಾರದು.

ಒಮ್ಮೆಲೇ ಜೋರು ನೋವು, ಹೊಟ್ಟೆ ಕಲ್ಲಿನಂತೆ ಗಟ್ಟಿ, ಜ್ವರ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಮತ್ತೆ ಉಬ್ಬರ, ವಾಂತಿ ಶುರುವಾಗಿ ಗಾಳಿ ನಿಂತರೆ ಗಡ್ಡೆ ಬಲೆಯ ಒಳಗೆ ಬೆಳೆದಿರಬಹುದು, ಇಲ್ಲವೇ ಸ್ಟೆಂಟ್ ಜಾರಿರಬಹುದು. ಎರಡೂ ಅಪರೂಪವೇನಲ್ಲ. ಹೆಚ್ಚಿನ ಸಲ ಇನ್ನೊಂದು ಸ್ಟೆಂಟ್ ಹಾಕಲು ಆಗುತ್ತದೆ.

ಪ್ರಶ್ನೆ: ಅಪ್ಪನ ಕರುಳಿನಲ್ಲಿ ಗಡ್ಡೆ ಇದೆ, ಆದರೆ ಮಲ ಸರಾಗ ಹೋಗುತ್ತದೆ. ಮುಂದೆ ಬ್ಲಾಕ್ ಆಗದಿರಲಿ ಅಂತ ಈಗಲೇ ಸ್ಟೆಂಟ್ ಹಾಕಿಸಬಹುದಾ?
— ಬದಿಯಡ್ಕದಿಂದ

ಉತ್ತರ: ಬೇಡ. ಬ್ಲಾಕ್ ಆಗದವರಿಗೆ ಮುಂಜಾಗ್ರತೆಗೆ ಅಂತ ಹಾಕಬಾರದೆಂದೇ ಯುರೋಪಿನ ಎಂಡೋಸ್ಕೋಪಿ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಇಲ್ಲದ ತೊಂದರೆಗೆ ತೂತಾಗುವ ಅಪಾಯ ತಂದುಕೊಂಡ ಹಾಗಾಗುತ್ತದೆ. ಗಡ್ಡೆ ಗುದದ್ವಾರದಿಂದ 5 ಸೆಂ.ಮೀ. ಅಂತರದೊಳಗೇ ಇದ್ದರಂತೂ ಸಾಮಾನ್ಯವಾಗಿ ಹಾಕುವುದಿಲ್ಲ. ಕೂರಲಾಗದಷ್ಟು ನೋವು, ಹೊತ್ತುಹೊತ್ತಿಗೂ ಮಲಕ್ಕೆ ಹೋಗಬೇಕು ಅನ್ನಿಸುವ ಹಾಗಾಗುತ್ತದೆ. ಈಗ ಅಪ್ಪನಿಗೆ ಬೇಕಾದ್ದು ಸರ್ಜನ್ ಮತ್ತು ಕ್ಯಾನ್ಸರ್ ಡಾಕ್ಟರ್ ಇಬ್ಬರೂ ಸೇರಿ ನೋಡುವುದು. ಕೇರಳ ಸರ್ಕಾರದ ಕಾರುಣ್ಯ ಆರೋಗ್ಯ ವಿಮೆಯ ಕಾರ್ಡ್ ಇದ್ದರೆ ಹೋಗುವ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಹೊರಡುವ ಮೊದಲೇ ಫೋನ್ ಮಾಡಿ ಕೇಳಿ, ಗಡಿ ದಾಟಿದ ಮೇಲೆ ಅಲ್ಲ.