91 ದಿನದ ಇಎಸ್‌ಐ ಹಣ ನಿಂತಿತು, ಮುಂದೇನು?

ಪ್ರಶ್ನೆ: ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂರು ವರ್ಷದಿಂದ ಕೆಲಸಕ್ಕಿದ್ದಾರೆ. ಸಂಬಳ 18,000. ಬೆನ್ನುಮೂಳೆಯ ಡಿಸ್ಕ್ ಜಾರಿ ಮಲಗಿದ್ದಾರೆ. ಇಎಸ್‌ಐನಿಂದ (ಕಾರ್ಮಿಕರ ರಾಜ್ಯ ವಿಮೆ) ಬರುತ್ತಿದ್ದ ಹಣ 91 ದಿನಕ್ಕೇ ನಿಂತುಹೋಯಿತು. ಕೆಲಸಕ್ಕೆ ಹೋಗಲು ಇನ್ನೂ ತಿಂಗಳುಗಳೇ ಬೇಕಂತೆ. ಏನಾದರೂ ದಾರಿ ಇದೆಯೇ?
– ಓದುಗರು, ಬೆಂಗಳೂರು

ಉತ್ತರ: ಇದೆ. 91 ದಿನ ಎಂಬುದು ಸಾಮಾನ್ಯ ಕಾಯಿಲೆ ಭತ್ಯೆಯ ವರ್ಷದ ಮಿತಿ. ಬಹುಕಾಲ ಕಾಡುವ 34 ಕಾಯಿಲೆಗಳಿಗೆ ಬೇರೆಯೇ ಭತ್ಯೆ ಉಂಟು. ಕಚೇರಿಯಲ್ಲಿ ಇಎಸ್‌ಬಿ (ಎಕ್ಸ್‌ಟೆಂಡೆಡ್ ಸಿಕ್‌ನೆಸ್ ಬೆನಿಫಿಟ್) ಎನ್ನುತ್ತಾರೆ. ಕ್ಷಯ, ಕ್ಯಾನ್ಸರ್, ಪಾರ್ಶ್ವವಾಯುವಿನ ಜೊತೆಗೆ ಡಿಸ್ಕ್ ಜಾರುವುದೂ ಆ ಪಟ್ಟಿಯಲ್ಲಿದೆ. ಇದರಲ್ಲಿ ಕೂಲಿಯ ಶೇ 70ರ ಬದಲು ಶೇ 80 ಸಿಗುತ್ತದೆ. ದಿನಗೂಲಿ 600 ಆಗಿದ್ದರೆ 420 ಬರುತ್ತಿದ್ದ ಕಡೆ 480.

ಕಾಯಿಲೆ ಶುರುವಾಗುವ ಹೊತ್ತಿಗೆ 2 ವರ್ಷ ಬಿಡದೆ ಕೆಲಸ ಮಾಡಿರಬೇಕು, ಹಿಂದಿನ 4 ವಂತಿಗೆ (ಸಂಬಳದ ಲೆಕ್ಕದಲ್ಲಿ ಇಎಸ್‌ಐಗೆ ಕಟ್ಟುವ ಹಣ) ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಕಟ್ಟಿರಬೇಕು. ಅವಧಿ ಎಂದರೆ ಆರಾರು ತಿಂಗಳು: ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್. ಗುತ್ತಿಗೆದಾರರು ಬದಲಾದಾಗ ಹಳೆಯ ಇಎಸ್‌ಐ ನಂಬರ್ ಬಿಟ್ಟು ಹೊಸದು ಮಾಡಿಸಿದ್ದರೆ ಹಿಂದಿನ ವಂತಿಗೆ ಲೆಕ್ಕದಲ್ಲಿ ಕಾಣುವುದಿಲ್ಲ. ಶಾಖಾ ಕಚೇರಿಯಲ್ಲಿ ಮೊದಲು ಇದನ್ನೇ ನೋಡಿಸಿ.

ನಿಮ್ಮಂಥವರ ಅರ್ಜಿ ಎಡವುವುದು ಸರ್ಟಿಫಿಕೇಟಿನ ಒಂದು ಸಾಲಿನಲ್ಲಿ. ಡಿಸ್ಪೆನ್ಸರಿಯ ರಶ್ಶಿನಲ್ಲಿ ‘ಸೊಂಟನೋವು’ ಎಂದು ಬರೆದುಕೊಟ್ಟಿರುತ್ತಾರೆ. ಸೊಂಟನೋವು ಪಟ್ಟಿಯಲ್ಲಿಲ್ಲ, ಇರುವುದು ‘ಪ್ರೊಲ್ಯಾಪ್ಸ್ ಆಫ್ ಇಂಟರ್‌ವರ್ಟಿಬ್ರಲ್ ಡಿಸ್ಕ್’. ಖಾಸಗಿ ವೈದ್ಯರ ಚೀಟಿಯನ್ನಷ್ಟೇ ನಂಬಬೇಡಿ. ಎಂಆರ್‌ಐ ವರದಿ ಹಿಡಿದು ಇಎಸ್‌ಐ ಆಸ್ಪತ್ರೆಯ ಮೂಳೆ ತಜ್ಞರನ್ನು ಕಾಣಿ, ಕಾಯಿಲೆಯ ಪೂರ್ತಿ ಹೆಸರು ಬರೆಸಿ, ಅದೇ ಹೆಸರು ಡಿಸ್ಪೆನ್ಸರಿಯ ಸರ್ಟಿಫಿಕೇಟಿಗೂ ಬಂತೇ ಎಂದು ಅಲ್ಲೇ ನಿಂತು ಓದಿಕೊಳ್ಳಿ. ಆಮೇಲೆ ಶಾಖಾ ಕಚೇರಿಗೆ ಕೊಡಿ. ಪ್ರತಿಯೊಂದರ ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.

ಮೊದಲಿಗೆ 124 ದಿನ ಸಿಗುತ್ತದೆ, ವಾಸಿಯಾಗದಿದ್ದರೆ 309ರವರೆಗೆ. ಹಳೆಯ 91 ಸೇರಿಸಿದರೆ 400. ಅದೂ ಸಾಲದಿದ್ದರೆ ವೈದ್ಯಕೀಯ ಮಂಡಳಿಯ ಶಿಫಾರಸಿನ ಮೇಲೆ 2 ವರ್ಷದವರೆಗೆ ಎಳೆಯಬಹುದು. ಒಂದು ಸರ್ಟಿಫಿಕೇಟ್ ಮುಗಿದು ಇನ್ನೊಂದು ಶುರುವಾಗುವ ನಡುವೆ ಖಾಲಿ ದಿನ ಬಿಡಬೇಡಿ. ಆ ದಿನಗಳ ಹಣ ಬರುವುದಿಲ್ಲ. ಊರಿಗೆ ಹೋಗಿ ಸುಧಾರಿಸಿಕೊಳ್ಳುವುದಾದರೂ ಡಿಸ್ಪೆನ್ಸರಿ ವೈದ್ಯರ ಅನುಮತಿ ಬೇಕು.

ಜನವರಿ ಬಂದರೆ ಮತ್ತೆ 91 ದಿನ ತಾನಾಗಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ಕಾದು ಕೂರಬೇಡಿ. ಅದಕ್ಕೆ ಸಂಬಂಧಪಟ್ಟ ಅವಧಿಯಲ್ಲಿ 78 ದಿನದ ವಂತಿಗೆ ಬೇಕು, ಹಾಸಿಗೆ ಹಿಡಿದವರಿಗೆ ಅದು ಎಲ್ಲಿಂದ ಬರಬೇಕು?

ಇನ್ನು ಕೆಲಸದ ಮಾತು. ಭತ್ಯೆ ಪಡೆಯುತ್ತಿರುವಾಗ ಕಾಯಿಲೆಯ ನೆಪದಲ್ಲಿ ಅವರನ್ನು ತೆಗೆಯುವಂತಿಲ್ಲ. ರಾಜೀನಾಮೆಗೆ ಸಹಿ ಕೇಳಿದರೆ ಹಾಕಬೇಡಿ.