ಬಾಯಲ್ಲಿ ಕೇಳಿದರೆ ಕೆಲಸ ಹುಟ್ಟುವುದಿಲ್ಲ, ರಸೀದಿ ಬೇಕು

ಸರ್ಕಾರಿ ಉದ್ಯೋಗ ಯೋಜನೆಗಳ ಬಗ್ಗೆ ಪುಣೆ, ಮುಂಬೈ ಓದುಗರು ಕೇಳುವ ಪ್ರಶ್ನೆಗಳು ಬಹುತೇಕ ಹಳೆಯವೇ. ಜಾಬ್ ಕಾರ್ಡ್ ಎಂದರೆ ಗ್ರಾಮೀಣ ಉದ್ಯೋಗ ಖಾತ್ರಿ ಕೆಲಸಕ್ಕೆ ಪಂಚಾಯಿತಿ ಕುಟುಂಬಕ್ಕೆ ಕೊಡುವ ಕಾರ್ಡ್, ಅಷ್ಟು ಗೊತ್ತಿದ್ದರೆ ಇಲ್ಲಿ ಸಾಕು.

ಪ್ರಶ್ನೆ: ಊರಿನ ಜಾಬ್ ಕಾರ್ಡ್ ತೋರಿಸಿ ಪುಣೆಯಲ್ಲಿ ಕೆಲಸ ಕೇಳಬಹುದೇ?

ಇಲ್ಲ. ಅದು ಕಾರ್ಡ್ ಕೊಟ್ಟ ನಿಮ್ಮೂರಿನ ಗ್ರಾಮ ಪಂಚಾಯಿತಿಯಲ್ಲಿ ಮಾತ್ರ ನಡೆಯುತ್ತದೆ.

ಪ್ರಶ್ನೆ: ಪುಣೆಯ ವಾರ್ಜೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತೇವೆ. ಮಳೆಗಾಲಕ್ಕೆ ಇಂಡಿ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಪಂಚಾಯಿತಿಯಲ್ಲಿ ಕೆಲಸ ಕೇಳಿದೆವು. 'ಬಂದಾಗ ಹೇಳ್ತೀವಿ' ಅಂದರು, ಎರಡು ತಿಂಗಳಾಯಿತು. ಹಿಂದೆ ಮಾಡಿದ ಎರಡು ವಾರದ ಕೂಲಿಯೂ ಬಂದಿಲ್ಲ.

ಹೇಗೆ ಕೇಳಿದಿರಿ? ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕೆಲಸದ ಬೇಡಿಕೆ ಅರ್ಜಿ, ಅಂದರೆ ನಮೂನೆ 6 ತುಂಬಿ. ಮನೆಯಿಂದ ಕೆಲಸಕ್ಕೆ ಬರುವ ಪ್ರತಿಯೊಬ್ಬರ ಹೆಸರು, ಜಾಬ್ ಕಾರ್ಡ್ ನಂಬರ್, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಅದರಲ್ಲಿರಲಿ. ಸತತ 14 ದಿನಕ್ಕಿಂತ ಕಡಿಮೆ ಕೇಳಬೇಡಿ. ತಾರೀಖು, ಸೀಲು, ಸಹಿ ಮೂರೂ ಇರುವ ರಸೀದಿ ಕೈಗೆ ಬರುವವರೆಗೆ ಅಲ್ಲಿಂದ ಕದಲಬೇಡಿ. 15 ದಿನದಲ್ಲಿ ಕೆಲಸ ಕೊಡದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು: ಮೊದಲ 30 ದಿನಕ್ಕೆ ಕೂಲಿ ದರದ ಕನಿಷ್ಠ ಕಾಲು ಭಾಗ, ಆಮೇಲೆ ಕನಿಷ್ಠ ಅರ್ಧ. ಈ ಭತ್ಯೆಯ ಹೊರೆ ರಾಜ್ಯ ಸರ್ಕಾರದ್ದು. ರಸೀದಿ ಬರೆದುಕೊಡಲು ಕೈ ಹಿಂಜರಿಯುವುದು ಅದಕ್ಕೇ. ರಸೀದಿ ಕೊಡದೇ ಹೋದರೆ ಅದೇ ಅರ್ಜಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಸ್ಪೀಡ್ ಪೋಸ್ಟ್ ಮಾಡಿ, ಒಂದು ಪ್ರತಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಕಳಿಸಿ.

ಮಳೆಗಾಲದ್ದು ಬೇರೆಯೇ ತೊಡಕು. 2005ರ ಗ್ರಾಮೀಣ ಉದ್ಯೋಗ ಖಾತ್ರಿ (ನರೇಗಾ) ಕಾಯ್ದೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 100 ದಿನ ಇತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಅದನ್ನು 125 ಮಾಡಿತು, ಜೊತೆಗೆ ಬಿತ್ತನೆ ಮತ್ತು ಸುಗ್ಗಿಯಲ್ಲಿ ಒಟ್ಟು 60 ದಿನ ಕೆಲಸ ನಿಲ್ಲಿಸಲೂ ದಾರಿ ಮಾಡಿತು. ನೀವು ಊರು ಸೇರುವುದೇ ಬಿತ್ತನೆ ಹೊತ್ತಿಗೆ. ಗುಳೆ ಹೋಗುವವರಿಗೆ ಇದು ನೇರ ಪೆಟ್ಟು, 125 ಎಂದು ಕೂಗುವವರು ಇದನ್ನು ಹೇಳುವುದಿಲ್ಲ. ಬಸ್ಸು ಹತ್ತುವ ಮುಂಚೆಯೇ ಪಿಡಿಒಗೆ ಫೋನ್ ಮಾಡಿ ನಿಲುಗಡೆಯ ತಾರೀಖು ಕೇಳಿಕೊಳ್ಳಿ. 'ಊರಲ್ಲಿರುವುದಿಲ್ಲ' ಎಂದು ಕಾರ್ಡ್ ತೆಗೆದುಹಾಕಿಲ್ಲವಷ್ಟೇ ಎಂಬುದನ್ನೂ ಕೇಳಿ. ವರ್ಷದಲ್ಲಿ ಕೆಲವು ತಿಂಗಳು ದುಡಿಯಲು ಹೋದವರು ಊರು ಬಿಟ್ಟವರಲ್ಲ.

ಇನ್ನು ಬಾರದ ಕೂಲಿ. ಪುಣೆಯ ಬ್ಯಾಂಕ್ ಖಾತೆಯನ್ನು ಮೊದಲು ನೋಡಿ. ಕೂಲಿ ಜಮಾ ಆಗುವುದು ಆಧಾರ್ ಕೊನೆಯದಾಗಿ ಮ್ಯಾಪ್ ಆದ, ಅಂದರೆ ಸರ್ಕಾರಿ ಹಣ ಬರಲೆಂದು ಜೋಡಿಸಿದ ಖಾತೆಗೆ. ಗ್ಯಾಸ್ ಸಬ್ಸಿಡಿಗೋ, ಗುತ್ತಿಗೆದಾರ ಹೇಳಿದನೆಂದೋ ಇಲ್ಲಿ ಹೊಸ ಖಾತೆ ತೆರೆದು ಮ್ಯಾಪಿಂಗ್ ಫಾರಂಗೆ ಹೆಬ್ಬೆಟ್ಟು ಒತ್ತಿದ್ದರೆ, ಊರಿನ ಪಾಸ್‌ಬುಕ್‌ಗೆ ಎಷ್ಟು ಸಲ ಎಂಟ್ರಿ ಹಾಕಿಸಿದರೂ ಹಣ ಕಾಣುವುದಿಲ್ಲ. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆರೆದರೆ ಯಾವ ಬ್ಯಾಂಕ್ ಎಂದು ತೋರಿಸುತ್ತದೆ. ಆ ಖಾತೆ ಮುಚ್ಚಿದ್ದರೆ ಕೂಲಿ ವಾಪಸ್ ಹೋಗಿರುತ್ತದೆ. ಮ್ಯಾಪಿಂಗ್ ಸರಿಪಡಿಸಿ, ಮತ್ತೆ ಪಾವತಿಸುವಂತೆ ಪಂಚಾಯಿತಿಗೆ ಬರೆದುಕೊಡಿ. ಕೆವೈಸಿಗೆ ಆಧಾರ್ ಜೆರಾಕ್ಸ್ ಕೊಟ್ಟರೆ ಮ್ಯಾಪಿಂಗ್ ಆಯಿತು ಎಂಬುದು ಶುದ್ಧ ತಪ್ಪು ತಿಳಿವಳಿಕೆ.

ಪ್ರಶ್ನೆ: ಠಾಣೆಯಲ್ಲಿ ನೌಕರಿ. ತಿಂಗಳಿಗೆ 200 ರೂಪಾಯಿ ವೃತ್ತಿ ತೆರಿಗೆ ಹಿಡಿಯುತ್ತಾರೆ. ಗುಂಡಿ ತೋಡಿ ಮುಚ್ಚುವವರಿಗೆ ನಮ್ಮ ದುಡ್ಡೇಕೆ?

ಮಹಾರಾಷ್ಟ್ರ 1975ರಲ್ಲಿ ಆ ತೆರಿಗೆ ತಂದದ್ದೇ ಉದ್ಯೋಗ ಖಾತ್ರಿಗೆ ಹಣ ಹೊಂದಿಸಲು. ಅದಕ್ಕೂ ಮುಂಚಿನ ಬರದಲ್ಲಿ, 1973ರ ಮೇ ತಿಂಗಳಲ್ಲಿ, ಈ ರಾಜ್ಯದ ಪರಿಹಾರ ಕಾಮಗಾರಿಗಳಲ್ಲಿ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಜಲ್ಲಿ ಒಡೆದರು, ಇಂಗುಕೆರೆ ತೋಡಿದರು, ಬದು ಕಟ್ಟಿದರು. ಬೆವರು ಸುರಿಸಿ ಗಳಿಸಿದ ಕೂಲಿ ಅದು. ಗುಂಡಿಯ ಮಾತು ದಯವಿಟ್ಟು ಮತ್ತೆ ಬರೆಯಬೇಡಿ.

ಪ್ರಶ್ನೆ: 'ಸರ್ಕಾರಿ ಉದ್ಯೋಗಕ್ಕೆ 499 ಕಟ್ಟಿ' ಎಂಬ ಲಿಂಕ್ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ.

ಮೋಸ. ಅಳಿಸಿ.

ಪ್ರಶ್ನೆ: ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೆ, ಕೂಲಿಯವರು ಕೆಲಸಕ್ಕೆ ಕಾಯುವ ನಾಕಾದಲ್ಲಿ ಏಜೆಂಟ್ 2,000 ಕೇಳುತ್ತಾನೆ. ಕೊಡಬೇಕೇ?

ಒಂದು ಪೈಸೆಯೂ ಕೊಡಬೇಡಿ. ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಪ್ರಮಾಣಪತ್ರ ಬೇಕು. ಇಂಥ ಏಜೆಂಟರು ಮಾರುವುದು ಆ ಪ್ರಮಾಣಪತ್ರದ ನಕಲಿಯನ್ನೇ. ಪರಿಶೀಲನೆಗೆ ಬಂದಾಗ ಸಿಕ್ಕಿಬೀಳುವವರು ನೀವು, ಅವನಲ್ಲ. ಡೈರಿಯಲ್ಲಿ ದಿನದಿನದ ಹಾಜರಿ ಬರೆದು, ಸೈಟ್ ಬಿಡುವ ದಿನವೇ ಗುತ್ತಿಗೆದಾರನ ಸಹಿ ಹಾಕಿಸಿಕೊಳ್ಳಿ. ಆರು ತಿಂಗಳ ಮೇಲೆ ಹುಡುಕಿದರೆ ಅವನೂ ಸಿಗುವುದಿಲ್ಲ, ಅವನ ಫೋನೂ ಹತ್ತುವುದಿಲ್ಲ.