ಹಾಲಿನ ಲೆಕ್ಕ ಇತ್ತು, ನಗು ಇರಲಿಲ್ಲ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಒಬ್ಬ ತಾಯಿ ಏಳು ವಾರದ ಮಗನನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಿದ್ದರು. ಎಡಗಡೆ ಸೀಳುತುಟಿ. ಕೂತ ಕೂಡಲೇ ಆಕೆ ಒಂದು ನೋಟ್‌ಬುಕ್ ಮುಂದಿಟ್ಟರು. "ಮೇಡಂ, ರಾತ್ರಿ ಹಗಲು ಇದರಲ್ಲಿ ಬರೀತಾನೇ ಇರ್ತೀನಿ. ಸುಮ್ನೆ ತಲೆ ಕೆಡಿಸ್ಕೋತೀಯ ಅಂತ ಮನೇಲಿ ಎಲ್ಲರೂ ಬೈತಾರೆ."

ಅವಳಿಗೆ ಸ್ವಲ್ಪ ಸಮಾಧಾನ ಹೇಳಿ ಅಂತ ಗಂಡ ಮೊದಲೇ ಫೋನ್ ಮಾಡಿದ್ದರು. ಸಮಾಧಾನ ಆಮೇಲೆ ಹೇಳೋಣ ಅಂತ ನಾನು ಪುಸ್ತಕ ಓದಿದೆ.

"ಬೆಳಿಗ್ಗೆ 5:10ಕ್ಕೆ ಹಾಲು ಶುರು. 5:55ಕ್ಕೂ ಮುಗಿದಿಲ್ಲ. ಮೂಗಿಂದ ಬಂತು. ಕುಡಿಯುವಾಗ ಟಕ್ ಟಕ್ ಸದ್ದು. ಅರ್ಧದಲ್ಲೇ ನಿದ್ದೆ ಹೋದ." ಇಂಥ ಸಾಲುಗಳೇ ಪುಟದ ಮೇಲೆ ಪುಟ.

ಓದುತ್ತಾ ನನಗೇ ಗಾಬರಿಯಾಯಿತು. ತುಟಿ ಮಾತ್ರ ಸೀಳಿದ್ದರೆ ಎಷ್ಟೋ ಮಕ್ಕಳು ಎದೆಹಾಲನ್ನೇ ಕುಡಿಯುತ್ತವೆ. ಪದೇಪದೇ ಮೂಗಿಂದ ಹಾಲು ಬರುವುದು, ಮುಕ್ಕಾಲು ಗಂಟೆ ಎಳೆದರೂ ಹೊಟ್ಟೆ ತುಂಬದಿರುವುದು ಅಂದರೆ ಅಂಗುಳವನ್ನೂ, ಅಂದರೆ ಬಾಯಿಯೊಳಗಿನ ಮೇಲ್ಭಾಗವನ್ನೂ, ನೋಡಬೇಕು. ಅಂಗುಳ ಸೀಳಿದ್ದರೆ ಹೀರುವಾಗ ಮೂಗಿನ ಗಾಳಿ ಬಾಯಿಗೆ ಬಂದುಬಿಡುತ್ತದೆ. ಹೀರುವ ಬಲವೇ ಹುಟ್ಟುವುದಿಲ್ಲ. ಪಾಪ, ಮಗು ದಣಿದು ಮಲಗಿಬಿಡುತ್ತದೆ. ಹುಟ್ಟಿದಾಗ "ಬರೀ ತುಟಿ" ಅಂತ ಹೇಳಿ ಕಳಿಸಿದ್ದರಂತೆ.

ಅವತ್ತೇ ಈ ಪುಸ್ತಕ ಹಿಡಿದು ಸೀಳುತುಟಿ ನೋಡುವ ತಜ್ಞರ ಹತ್ತಿರ ಹೋಗಿ, ಟಾರ್ಚ್ ಹಾಕಿ ಅಂಗುಳದ ಹಿಂಭಾಗದವರೆಗೂ ನೋಡಿ ಅಂತ ಕೇಳಿ ಎಂದೆ. ನೋಡಿದರು. ಮೆದು ಅಂಗುಳದ ಕೊನೆಯಲ್ಲಿ ಸೀಳಿತ್ತು. ಒತ್ತಿದರೆ ಹಾಲು ಬರುವ ಬಾಟಲಿ ಕೊಟ್ಟರು. ಮಗುವನ್ನು ನೆಟ್ಟಗೆ ಹಿಡಿದು ಕುಡಿಸುವುದು, ನಡುನಡುವೆ ತೇಗಿಸುವುದು ಕಲಿಸಿದರು. ಅರ್ಧ ಗಂಟೆಯೊಳಗೆ ಹಾಲು ಮುಗಿಯತೊಡಗಿತು. ಈ ವಯಸ್ಸಿನಲ್ಲಿ ತೂಕ ದಿನಕ್ಕೆ ಸುಮಾರು 20ರಿಂದ 30 ಗ್ರಾಂ ಏರಬೇಕು. ಹಾಗಾಗಿ ಪ್ರತಿ ಸಲದ ಹಾಲಿನ ಲೆಕ್ಕ ಬಿಟ್ಟು, ವಾರಕ್ಕೊಮ್ಮೆ ತೂಕ ಬರೆದರೆ ಸಾಕು, ಆ ಹೊತ್ತಲ್ಲಿ ನೀವು ಮಲಗಿ ಅಂದೆ.

"ನಾನು ಬಸುರಿಯಲ್ಲಿ ಏನು ತಪ್ಪು ಮಾಡಿದೆ?" ಅಂತಲೂ ಕೇಳಿದರು. ತುಟಿ ಕೂಡಿಕೊಳ್ಳುವುದು 4ರಿಂದ 7ನೇ ವಾರದೊಳಗೆ. ಬಸಿರು ನಿಂತಿದೆ ಅಂತಲೇ ಎಷ್ಟೋ ಜನಕ್ಕೆ ಆಗ ಗೊತ್ತಿರುವುದಿಲ್ಲ. ಇದು ನಿಮ್ಮ ತಪ್ಪಲ್ಲ ಅಂತ ಗಂಡನ ಎದುರಿಗೇ ಎರಡು ಸಲ ಹೇಳಿದೆ.

ಮುಂದಿನ ಸಲ ಬಂದಾಗ, "ಮಗ ನಗ್ತಾನಾ?" ಅಂತ ಕೇಳಿದೆ. ಪುಸ್ತಕದಲ್ಲಿ ಅದು ಎಲ್ಲೂ ಇರಲಿಲ್ಲ.

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಗ್ತಾನೆ. ನಕ್ಕಾಗ ಸೀಳು ಇನ್ನೂ ಅಗಲ ಆಗುತ್ತೆ. ಅದನ್ನ ಹೇಗೆ ಬರೀಲಿ, ಮೇಡಂ?" ಗಂಡನ ಫೋನಿನಲ್ಲಿ ರಾಶಿ ಫೋಟೋ ಇದ್ದವು. ಎಲ್ಲವೂ ಬಲಗಡೆಯಿಂದ ತೆಗೆದವು, ಇಲ್ಲವೇ ಬಾಯಿಯವರೆಗೂ ಹೊದಿಕೆ.

ಇಲ್ಲಿ ಮಾತ್ರ ನಾನು ಗಟ್ಟಿಯಾಗೇ ಹೇಳಿದೆ. ಎದುರಿಂದ ಫೋಟೋ ತೆಗೆಯಿರಿ. ಯಾರಿಗೂ ತೋರಿಸಬೇಕಿಲ್ಲ. ನಾಳೆ ದೊಡ್ಡವನಾಗಿ ತುಟಿ ಮೇಲಿನ ಗೆರೆ ಏನು ಅಂತ ಕೇಳ್ತಾನೆ, ಅಲ್ವಾ? ಒಂದೂ ಫೋಟೋ ಇಲ್ಲ ಅಂದರೆ ತನ್ನ ಮುಖ ಮುಚ್ಚಿಟ್ಟರು ಅಂತ ಅವನಿಗೆ ಅನಿಸುತ್ತದೆ. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ಆಗುತ್ತದೆ. ಆಮೇಲೆ ಈ ಅಗಲ ನಗು ನೋಡಲು ಸಿಗುವುದಿಲ್ಲ. ಅದನ್ನು ನೆನೆದು ಅಳುವ ಅಪ್ಪ ಅಮ್ಮ ಇದ್ದಾರೆ ಅಂದೆ. ಆಕೆ ನಂಬಲಿಲ್ಲ.

ನಾಲ್ಕೂವರೆ ತಿಂಗಳಿಗೆ ಆಪರೇಷನ್ ಆಯಿತು. ಎರಡು ವಾರದ ಮೇಲೆ ಒಂದು ಪುಟದ ಫೋಟೋ ಕಳಿಸಿದರು. "ಇವತ್ತು ನಕ್ಕ. ಎಡಗಡೆ ಬಿಗಿ. ಬೇರೆ ಯಾರದೋ ಮಗು ನಕ್ಕ ಹಾಗಿತ್ತು. ಹಳೇ ಫೋಟೋ ನೋಡ್ಕೊಂಡು ಇಬ್ಬರೂ ಅತ್ತೆವು. ಸಂಜೆ ಮತ್ತೆ ನಕ್ಕ. ಕಣ್ಣು ಅವೇ."

ಇನ್ನು ಅಂಗುಳದ ಆಪರೇಷನ್ ಇದೆ. ಇಂಥ ಮಕ್ಕಳಿಗೆ ಕಿವಿಯೊಳಗೆ ನೀರು ನಿಲ್ಲುವುದು ಜಾಸ್ತಿ, ಆಗ ಕೇಳಿಸುವುದು ಮಂದವಾಗುತ್ತದೆ. ಕಿವಿ ಪರೀಕ್ಷೆ ತಪ್ಪಿಸಬೇಡಿ ಅಂದಿದ್ದೇನೆ. ಹಿಂದಿನಿಂದ ಕರೆದರೆ ತಿರುಗ್ತಾನಾ ಅಂತ ಬರೆದು ತರಲು ಹೇಳಿದ್ದೇನೆ.